ಮೇಷ್ಟ್ರ ಫೈಲು ಎಲ್ಲಿ ಕೂರಬೇಕು

ಫೆಬ್ರವರಿ 3, ಸೋಮವಾರ

ಬೆಳಗ್ಗೆಯಿಂದ ಒಂದೇ ಲಗ್ನಪತ್ರಿಕೆ. ಸಿಂಗಟಗೆರೆ ಪಾರ್ಟಿ. ಪ್ರೂಫ್ ಮತ್ತೆ ವಾಪಸ್ — ಹುಡುಗನ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಕೆಳಗೆ ಬಂದಿದೆಯಂತೆ. ಕೆಳಗೆ ಬಂದಿರಲಿಲ್ಲ, ಪಕ್ಕದಲ್ಲಿತ್ತು. ಎಡಗಡೆ ಇದ್ದವರೇ ಮೇಲು ಅಂತ ಅವರ ವಾದ. ಜಗಳ ಆಡದೆ ಸರಿ ಮಾಡಿಕೊಟ್ಟೆ. ಈ ಡಿಟಿಪಿ ಅಂಗಡಿ ಇಟ್ಟಾಗಿನಿಂದ ಕಲಿತದ್ದು ಇದೇ: ಅಕ್ಷರ ತಪ್ಪಾದರೆ ಜನ ನಕ್ಕು ಸುಮ್ಮನಾಗುತ್ತಾರೆ, ಹಿರಿಯರ ಹೆಸರು ಕೆಳಗೆ ಬಿದ್ದರೆ ಮದುವೆಗೇ ಬರುವುದಿಲ್ಲ. ಹೆಸರುಗಳನ್ನು ಸಾಲಾಗಿ ಕೂರಿಸುವುದರಲ್ಲಿ ಕಡೂರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬ ಅಂದರೆ ಜಂಬ. ಇಲ್ಲಿ ಯಾರು ಓದುತ್ತಾರೆ.

ಮಧ್ಯಾಹ್ನ ತಮ್ಮ ಬಸವೇಶನ ಫೋನ್. ಸ್ಕ್ರೀನ್ ರೀಡರಿನ ಹೊಸ ಆವೃತ್ತಿ ಬರುತ್ತಿದೆ. ಕನ್ನಡ ಸೇರಬೇಕಾದರೆ ಅನುವಾದದ ಫೈಲು ಇಪ್ಪತ್ತನೇ ತಾರೀಖಿನೊಳಗೆ ಅದನ್ನು ತಯಾರಿಸುವವರಿಗೆ ತಲುಪಬೇಕು. ತಪ್ಪಿದರೆ ಇನ್ನು ಶ್ರಾವಣ ಕಳೆದ ಮೇಲೆ.

"ಅಕ್ಕ, ಈ ಸಲನೂ ಆಗ್ಲಿಲ್ಲ ಅಂದ್ರೆ ಸೀತಾದೇವಿಯವ್ರು ಮತ್ತೆ ಈ ಕಡೆ ತಲೆ ಹಾಕಲ್ಲ. ನಿನ್ನ ಕೈಲಿ ಆಗುತ್ತೋ ಇಲ್ವೋ ಈಗ್ಲೇ ಹೇಳ್ಬಿಡು."

"ಲೇ, ನನ್ನ ಕೈಲಿ ಆಗ್ದೆ ಇರೋದು ಏನೋ ಇದೆ?" ಅಂದೆ.

ಹೇಳಿದ ಮೇಲೆ ಸ್ವಲ್ಪ ಹೆದರಿಕೆ ಆಯಿತು. ಇರಲಿ.

ನನ್ನ ತಮ್ಮನಿಗೆ ಈ ಪ್ರೋಗ್ರಾಮೇ ಕಣ್ಣು. ಚಿಕ್ಕಂದಿನಲ್ಲೇ ದೃಷ್ಟಿ ಹೋಯಿತು. ಪರದೆ ಮೇಲಿರುವುದನ್ನೆಲ್ಲ ಅದು ಗಟ್ಟಿಯಾಗಿ ಓದುತ್ತದೆ, ಇವನು ಕೇಳಿಸಿಕೊಂಡು ಟೈಪ್ ಮಾಡುತ್ತಾನೆ, ಮಾರ್ಕ್ಸ್ ಕಾರ್ಡ್ ತುಂಬುತ್ತಾನೆ, ತರೀಕೆರೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾನೆ. ಕನ್ನಡದ ಪತ್ರವನ್ನು ಕನ್ನಡದಲ್ಲೇ ಓದುತ್ತದೆ. ಆದರೆ ಅದರದೇ ಸ್ವಂತ ಮಾತುಗಳು — ಇದು ಬಟನ್ನು, ಇದು ಪಟ್ಟಿ, ಇಲ್ಲಿ ಟಿಕ್ ಆಗಿಲ್ಲ ಅನ್ನುವಂಥವು — ಅಷ್ಟೂ ಇಂಗ್ಲಿಷು. ಬಸವೇಶ ಹೇಗೋ ಸಂಭಾಳಿಸುತ್ತಾನೆ. ಚೌಳಹಿರಿಯೂರಿನ ಸೀತಾದೇವಿಯವರಿಗೆ ಆಗುವುದಿಲ್ಲ. ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆಂಗಸು. ಶುಗರ್ ಬಂದು ಕಣ್ಣು ಹೋಯಿತು. ಇವನ ತರಬೇತಿಗೆ ಬಂದು ಅರ್ಧಕ್ಕೇ ಎದ್ದು ಹೋದರಂತೆ. "ಅದು ನನ್ನ ಬಯ್ತಾ ಇದ್ಯೋ ಹೊಗಳ್ತಾ ಇದ್ಯೋ ಒಂದೂ ಗೊತ್ತಾಗಲ್ಲ ಕಣ್ರೀ" ಅಂದರಂತೆ. ಮುಂದಿನ ತರಬೇತಿ ಮಾರ್ಚಿನಲ್ಲಿ, ನನ್ನ ಅಂಗಡಿಯ ಹಿಂದಿನ ರೂಮಿನಲ್ಲಿ. ಅಷ್ಟು ಹೊತ್ತಿಗೆ ಅದು ಕನ್ನಡ ಮಾತಾಡಬೇಕು.

ಫೆಬ್ರವರಿ 6, ಗುರುವಾರ

ಮೂರೂ ಫೈಲು ಕೈಗೆ ಬಂದವು.

ಒಂದು, ಅಜ್ಜಂಪುರದ್ದು. ನಮ್ಮ ಜಯದೇವಪ್ಪ ಮೇಷ್ಟ್ರದು. ನನಗೂ ಬಸವೇಶನಿಗೂ ಕನ್ನಡ ಕಲಿಸಿದವರು. ಇವನಿಗೆ ಪಾಠಗಳನ್ನು ಓದಿ ಓದಿ ಹೇಳಿ ಎಸ್ಸೆಸ್ಸೆಲ್ಸಿ ದಾಟಿಸಿದವರು. ರಿಟೈರಾಗಿ ಎಷ್ಟೋ ವರ್ಷದ ಮೇಲೆ ಬಸವೇಶ ಕೇಳಿದ ಅಂತ ಒಂದು ಚಳಿಗಾಲ ಪೂರ್ತಿ ಕೂತು, ಕೀಬೋರ್ಡಿನ ಮೇಲೆ ಒಂದೊಂದೇ ಅಕ್ಷರ ಹುಡುಕಿ, ಅನುವಾದ ಮಾಡಿದರು. ಮುಗಿಯುವ ಮೊದಲೇ ಕಣ್ಣಿನ ಪೊರೆ ಆಪರೇಷನ್ನು, ಅಲ್ಲಿಗೆ ನಿಂತಿತು. ಅರ್ಧ ಆಗಿದ್ದನ್ನು ಪ್ರೋಗ್ರಾಮಿನವರು ಸೇರಿಸಿಕೊಳ್ಳಲಿಲ್ಲ. ಫೈಲು ಹಾಗೇ ಮಲಗಿತ್ತು.

ಎರಡು, ತರೀಕೆರೆಯದ್ದು. ಬಸವೇಶನ ಸ್ಕೂಲಿನಲ್ಲಿ ಗೆಸ್ಟ್ ಟೀಚರ್ ಆಗಿರುವ ಸಂಹಿತಾ ಮಾಡಿದ್ದು. ದಿನವೂ ಸ್ಕೂಲು ಬಿಟ್ಟ ಮೇಲೆ ಇವನ ಪಕ್ಕ ಕೂತು, ಒಂದೊಂದು ಮಾತನ್ನೂ ಕಂಪ್ಯೂಟರಿನ ಬಾಯಲ್ಲಿ ಹೇಳಿಸಿ, ಇವನು ಸರಿ ಅಂದ ಮೇಲೆಯೇ ಇಟ್ಟಿದ್ದಾಳೆ.

ಮೂರು, ಕಡೂರಿನದು. ನನ್ನದು. ಹೊಸ ಆವೃತ್ತಿಯಲ್ಲಿ ಹೊಸದಾಗಿ ಬಂದಿರುವುದೆಲ್ಲ, ಜೊತೆಗೆ ಹಳೆಯದೂ ಅಷ್ಟಿಷ್ಟು.

ಮೊದಲು ಮೂರನ್ನೂ ಹೊಸ ಆವೃತ್ತಿಯ ಅಚ್ಚಿಗೆ ಹೊಂದಿಸಿದೆ. ಅದಕ್ಕೊಂದು ಕಮಾಂಡು. ಆಮೇಲೆ ಮೂರನ್ನೂ ಒಂದು ಮಾಡಬೇಕು. ಅದಕ್ಕೆ ಇನ್ನೊಂದು ಕಮಾಂಡು, ಎಂಎಸ್‌ಜಿಕ್ಯಾಟ್. ನಾನು ಅದನ್ನು ಬೆಕ್ಕು ಅಂತ ಕರೆಯುವುದು. ಕಪ್ಪು ಪರದೆ ಮೇಲೆ ಅದರ ಹೆಸರು ಬರೆದು, ಮೂರು ಫೈಲಿನ ಹೆಸರು ಸಾಲಾಗಿ ಬರೆದು, ಎಂಟರ್.

ಜೆರಾಕ್ಸಿಗೆ ಬಂದ ಒಬ್ಬರು ಇಣುಕಿ ನೋಡಿ, "ಏನಮ್ಮ, ವೈರಸ್ ಬಂದೈತಾ?" ಅಂದರು.

"ಇಲ್ಲ ಯಜಮಾನ್ರೇ, ನಾನೇ ಬಿಟ್ಟಿದೀನಿ" ಅಂದೆ. ಆಧಾರ್ ಕಾರ್ಡ್ ವಾಪಸ್ ಇಸ್ಕೊಂಡು ಜೇಬಲ್ಲಿ ಭದ್ರ ಮಾಡಿಕೊಂಡರು.

ಕಾಲೇಜಲ್ಲಿ ಡಿಪ್ಲೊಮಾ ಮಾಡುವಾಗ ಕಲಿತ ಕಪ್ಪು ಪರದೆ. ಊರಲ್ಲಿ ಇದನ್ನು ಓಡಿಸುವ ಹೆಂಗಸು ನಾನೊಬ್ಬಳೇ ಇರಬೇಕು. ಗಂಡಸರೂ ಹೆಚ್ಚಿಲ್ಲ.

ಫೆಬ್ರವರಿ 7, ಶುಕ್ರವಾರ

ಬೆಕ್ಕು ಸರಿಯಾಗಿ ಪರಚಿತು.

ಮೂವರೂ ಮಾಡಿರುವ ಮಾತುಗಳು ರಾಶಿ ಇವೆ. ಒಂದೇ ಇಂಗ್ಲಿಷ್ ಸಾಲಿಗೆ ಮೂರು ಥರದ ಕನ್ನಡ. ಯಾವುದು ಬೇಕು ಅಂತ ಅದಕ್ಕೆ ಗೊತ್ತಾಗದೆ ಮೂರನ್ನೂ ಒಂದರ ಕೆಳಗೊಂದು ಜೋಡಿಸಿ, ನಡುವೆ ಗೆರೆ ಎಳೆದು, ನೀನೇ ನೋಡ್ಕೊ ಅಂತ ಗುರುತು ಹಾಕಿ ಇಟ್ಟಿದೆ. ಪುಟಗಟ್ಟಲೆ. ಒಂದೊಂದನ್ನೂ ಕೈಯಲ್ಲಿ ಬಗೆಹರಿಸುತ್ತ ಕೂತರೆ ಯುಗಾದಿ ಬರುತ್ತದೆ.

ಸಂಹಿತಾಳಿಗೆ ಫೋನ್ ಮಾಡಿದೆ. "ತನುಜಕ್ಕ, ಅದಕ್ಕೆ ಏನಾದ್ರೂ ಶಾರ್ಟ್‌ಕಟ್ ಇರ್ಬೇಕು, ನೋಡಿ" ಅಂದಳು. ನೋಡುತ್ತೇನೆ. ನಾಳೆ ಎರಡು ಗೃಹಪ್ರವೇಶದ ಪತ್ರಿಕೆ ಪ್ರೆಸ್ಸಿಗೆ ಹೋಗಬೇಕು...

ಫೆಬ್ರವರಿ 9, ಭಾನುವಾರ, ಬೆಳಗ್ಗೆ 11

ಸಿಕ್ಕಿತು! ಅದರ ಕೈಪಿಡಿಯಲ್ಲೇ ಇತ್ತು. ಕಮಾಂಡಿಗೆ ಒಂದು ಬಾಲ ಅಂಟಿಸಿದರೆ ಸಾಕು. ಆಗ ಜಗಳವೇ ಇಲ್ಲ — ಸಾಲಿನಲ್ಲಿ ಯಾರ ಫೈಲು ಮೊದಲಿದೆಯೋ ಅವರ ಅನುವಾದ ಉಳಿಯುತ್ತದೆ. ಅವರದು ಖಾಲಿ ಇದ್ದ ಕಡೆ ಎರಡನೆಯವರದು. ಅಲ್ಲೂ ಖಾಲಿ ಇದ್ದರೆ ಮೂರನೆಯವರದು.

ಸಾಲು ಹೇಗಿರಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಮೇಷ್ಟ್ರು. ಆಮೇಲೆ ನಾನು. ಆಮೇಲೆ ಸಂಹಿತಾ — ಚಿಕ್ಕವಳು. ಬೆರಳು ತಾನಾಗಿಯೇ ಹಾಗೆ ಬರೆಯಿತು. ಎಂಟರ್ ಒತ್ತಿ ಕಾಫಿ ಲೋಟ ಎತ್ತುವಷ್ಟರಲ್ಲಿ ಮುಗಿದೇಹೋಯಿತು! ಚೆಕ್ ಮಾಡುವ ಕಮಾಂಡು ಓಡಿಸಿದೆ, ತಪ್ಪಿಲ್ಲ ಅಂದಿತು. ಎಷ್ಟು ಭಾಗ ತುಂಬಿದೆ ಅಂತ ಕೇಳಿದರೆ ಪೂರ್ತಿ. ಪೂರ್ತಿ! ಫೈಲಿನ ತಲೆಯಲ್ಲಿ ಮೊದಲ ಫೈಲಿನವರ ಹೆಸರೇ ಬರುತ್ತದೆ — ಅನುವಾದ: ಜಯದೇವಪ್ಪ, ಅಜ್ಜಂಪುರ. ನೋಡಿ ಕಣ್ಣು ತುಂಬಿತು. ಕಳಿಸಿಬಿಟ್ಟೆ.

ಮೇಷ್ಟ್ರಿಗೆ ಫೋನ್ ಮಾಡಿದೆ.

"ಹೋಯ್ತೇನಮ್ಮ?"

"ಹೋಯ್ತು ಸಾರ್. ನಿಮ್ಮದೇ ಮೊದಲು."

ಆ ಕಡೆ ಹೆಂಡತಿ ಮಲ್ಲಿಕಾಂಬ ಅಮ್ಮನವರನ್ನು ಕೂಗಿದ್ದು ಕೇಳಿಸಿತು — "ಇವ್ಳೇ, ಬಾ ಇಲ್ಲಿ, ತನುಜಾ ಏನೋ ಹೇಳ್ತಾಳೆ ಕೇಳು."

ಇವತ್ತು ಹೋಳಿಗೆ ಮಾಡುತ್ತೇನೆ. ನಮ್ಮ ಮನೆಯವರು ಧರ್ಮೇಶ್ ಕೇಳಿದರು, ಏನು ಹಬ್ಬ ಇವತ್ತು ಅಂತ. ನನ್ನದು ಅಂದೆ.

ಫೆಬ್ರವರಿ 12, ಬುಧವಾರ

ಬಸವೇಶ ಹೊಸ ಫೈಲು ಹಾಕಿಕೊಂಡು ಫೋನ್ ಮಾಡಿದ. ಹೊಗಳುತ್ತಾನೆ ಅಂತ ಕಿವಿ ನೆಟ್ಟಗೆ ಮಾಡಿಕೊಂಡು ಕೂತೆ.

"ಅಕ್ಕ, ಏನ್ ಮಾಡ್ಬಿಟ್ಟೆ? ಕೇಳಿಸ್ಕೊ ಇಲ್ಲಿ."

ಫೋನನ್ನು ಸ್ಪೀಕರಿನ ಹತ್ತಿರ ಹಿಡಿದ. ಸೆಟ್ಟಿಂಗ್ ಪುಟದಲ್ಲಿ ಕೆಳಗೆ ಇಳಿಯುತ್ತಿದ್ದ ಅಂತ ಕಾಣುತ್ತದೆ. ಕಂಪ್ಯೂಟರು ಹೇಳಿತು — ಅಂಕಿ ಓದು, ಈ ಚೌಕಕ್ಕೆ ಗುರುತು ಹಾಕಲಾಗಿರುವುದಿಲ್ಲ. ಚಿಹ್ನೆ ಓದು, ಈ ಚೌಕಕ್ಕೆ ಗುರುತು ಹಾಕಲಾಗಿರುವುದಿಲ್ಲ. ದಿನಾಂಕ ಓದು, ಈ ಚೌಕಕ್ಕೆ...

ಮೇಷ್ಟ್ರ ಕನ್ನಡ. ಒಳ್ಳೆಯ ಕನ್ನಡ. ಪುಸ್ತಕದಲ್ಲಿ ಓದಿದ್ದರೆ ಏನೂ ಅನ್ನಿಸುತ್ತಿರಲಿಲ್ಲ.

"ಇದನ್ನ ನಾನು ದಿನಕ್ಕೆ ಎಷ್ಟು ಸಲ ಕೇಳ್ಬೇಕು ಗೊತ್ತೇನೇ? ಒಂದು ಫಾರಂ ತುಂಬೋದ್ರೊಳಗೆ ಬೆಲ್ ಹೊಡೆದಿರುತ್ತೆ. ಸಂಹಿತಾ ಮಾಡಿದ್ದು ಎಲ್ಲಿ ಹೋಯ್ತು? ಟಿಕ್ ಇದೆ, ಟಿಕ್ ಇಲ್ಲ — ಅಷ್ಟೇ ಇತ್ತು. ಅದನ್ನ ಕೇಳಿ ಕೇಳಿ ಇಟ್ಟಿದ್ದು ನಾವು."

ಆಗ ಗೊತ್ತಾಯಿತು. ಎಲ್ಲಿಗೂ ಹೋಗಿಲ್ಲ, ನಾನೇ ಕೊನೆಯಲ್ಲಿ ನಿಲ್ಲಿಸಿದ್ದೆ. ಮೇಷ್ಟ್ರು ಮಾಡಿದ್ದ ಮಾತುಗಳಲ್ಲೆಲ್ಲ ಸಂಹಿತಾಳದು ಒಂದೂ ಉಳಿದಿಲ್ಲ. ಅದೂ ದಿನವೂ ಕೇಳಿಸುವ ಮಾತುಗಳೇ. ಅವುಗಳನ್ನೇ ಮೇಷ್ಟ್ರೂ ಮೊದಲು ಮಾಡಿದ್ದು.

ಲಗ್ನಪತ್ರಿಕೆ ಅಲ್ಲ ಕಣೇ ಇದು ತನುಜಾ!

ಫೆಬ್ರವರಿ 13, ಗುರುವಾರ

ಸಂಹಿತಾ ಫೋನ್ ಮಾಡಲಿಲ್ಲ. ನಾನೇ ಮಾಡಿದೆ. "ಪರವಾಗಿಲ್ಲ ತನುಜಕ್ಕ" ಅಂದಳು. ಪರವಾಗಿಲ್ಲ ಅನ್ನುವ ದನಿ ಅದಲ್ಲ. ಬೈದಿದ್ದರೆ ವಾಸಿ ಇತ್ತು.

ಸರಿಪಡಿಸುವುದು ಏನೂ ಕಷ್ಟವಿಲ್ಲ. ಸಾಲು ಬದಲಾಯಿಸಬೇಕು. ಸಂಹಿತಾ, ನಾನು, ಕೊನೆಗೆ ಮೇಷ್ಟ್ರು. ಮತ್ತೆ ಎಂಟರ್. ಇನ್ನೂ ದಿನ ಇದೆ, ಹಳೆಯದನ್ನು ತೆಗೆದು ಹೊಸದನ್ನು ಕಳಿಸಬಹುದು.

ಆದರೆ ಮೇಷ್ಟ್ರಿಗೆ ನಿಮ್ಮದೇ ಮೊದಲು ಅಂತ ಹೇಳಿಬಿಟ್ಟಿದ್ದೇನೆ. ಅಜ್ಜಂಪುರದಿಂದ ಬಂದ ಗಿರಾಕಿಯೊಬ್ಬರು ಹೇಳಿದರು — ಮೇಷ್ಟ್ರು ಮನೆಗೆ ಬಂದವರಿಗೆಲ್ಲ ಪೇಡ ಕೊಡುತ್ತಿದ್ದಾರಂತೆ. ದೇಶದಲ್ಲಿ ಕಣ್ಣು ಕಾಣದವರೆಲ್ಲ ಇನ್ಮೇಲೆ ನಾನು ಬರೆದ ಕನ್ನಡ ಕೇಳುತ್ತಾರೆ ಅಂತ.

ಹೇಳದೆ ಬದಲಾಯಿಸಿಬಿಡಲೇ? ಅವರು ಕಂಪ್ಯೂಟರ್ ತೆರೆದು ನೋಡುತ್ತಾರೆಯೇ? ಒಂದು ಗಳಿಗೆ ಹಾಗೂ ಅನ್ನಿಸಿತು. ಆಮೇಲೆ ನಾಚಿಕೆಯಾಯಿತು. ಆ ಮನೆಯ ಅನ್ನ ತಿಂದವಳು ನಾನು. ಹೈಸ್ಕೂಲಿನ ಮೂರು ವರ್ಷ ಬಸವೇಶನನ್ನು ಕೈಹಿಡಿದು ಅಲ್ಲಿಗೆ ಪಾಠಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಊಟದ ಹೊತ್ತಾದರೆ ಎಲೆ ಹಾಕದೆ ಕಳಿಸುತ್ತಿರಲಿಲ್ಲ. ಬಡಿಸುತ್ತಿದ್ದವರೂ ಮೇಷ್ಟ್ರೇ. ಪಂಚೆ ಎತ್ತಿ ಕಟ್ಟಿ, ಸಾರಿನ ಪಾತ್ರೆ ಹಿಡಿದು, ಸಮಾಸ ವಿಗ್ರಹ ಮಾಡಿಸುತ್ತ ಬಡಿಸುವರು. ತಪ್ಪು ಹೇಳಿದವರಿಗೆ ಇನ್ನೊಂದು ಸೌಟು.

ಭಾನುವಾರ ಹೋಗುವುದು. ಬಸವೇಶ ತರೀಕೆರೆಯಿಂದ ಬರುತ್ತಾನೆ.

"ಹೇಳೋದು ನೀನು. ನಾನು ಬರೀ ಕಂಪ್ಯೂಟರ್ ತತ್ತೀನಿ" ಅಂದ ಕಳ್ಳ.

ಫೆಬ್ರವರಿ 16, ಭಾನುವಾರ, ವಾಪಸ್ ಬರುವಾಗ ಟ್ರೈನಿನಲ್ಲಿ

ಅಕ್ಷರ ಸೊಟ್ಟಗೆ ಬರುತ್ತಿದೆ. ಟ್ರೈನಿನ ಅಲುಗಾಟಕ್ಕೆ ಅಂತ ಇಟ್ಟುಕೊಳ್ಳೋಣ.

ಬೆಳಗ್ಗೆ ಅಜ್ಜಂಪುರದಲ್ಲಿ ಇಳಿದಾಗ ಬಸವೇಶ ಸ್ಟೇಷನ್ನಿನ ಹತ್ತಿರವೇ ಕಾಯುತ್ತಿದ್ದ. ಹೆಗಲಲ್ಲಿ ಲ್ಯಾಪ್‌ಟಾಪು. ದಾರಿ ಉದ್ದಕ್ಕೂ ಹೇಗೆ ಹೇಳಲಿ ಅಂತ ನಾನು, ಪೇಡ ಇನ್ನೂ ಇದೆಯೋ ಖಾಲಿಯಾಯಿತೋ ಅಂತ ಇವನು.

ಮನೆ ತುಂಬ ಜನ. ಸೊಸೆ ದೀಪಶ್ರೀಯ ತವರಿನವರು ಬಂದಿದ್ದರು. ಮೇಷ್ಟ್ರು ನಮ್ಮನ್ನು ನಡುಮನೆಯಲ್ಲಿ ಕೂರಿಸಿ, ಅವರಿಗೆಲ್ಲ ಪರಿಚಯ ಮಾಡಿಸಿದರು. ಬಸವೇಶನ ತಲೆ ಮೇಲೆ ಕೈ ಇಟ್ಟು, "ನನ್ನ ಕನ್ನಡ ಕೇಳೋನು ಇವ್ನೇ" ಅಂದರು.

"ಎಲ್ಲಿ, ಓದ್ಸೋ. ಇವ್ರೂ ಕೇಳ್ಲಿ."

ಬಸವೇಶ ತೆಗೆದ. ಅದು ಇವನ ವೇಗದಲ್ಲಿ ಗುಡುಗುಡು ಓಡಿತು. ಒಬ್ಬರಿಗೂ ಒಂದಕ್ಷರ ಅರ್ಥವಾಗಲಿಲ್ಲ. "ನಿಧಾನ ಮಾಡೋ" ಅಂದರು ಮೇಷ್ಟ್ರು. ಮಾಡಿದ. ಈ ಚೌಕಕ್ಕೆ ಗುರುತು ಹಾಕಲಾಗಿರುವುದಿಲ್ಲ — ಮೇಷ್ಟ್ರ ಮುಖ ಅರಳಿತು. ಬೀಗರ ಕಡೆ ನೋಡಿದರು. ಬಸವೇಶ ಕೆಳಗಿನ ಸಾಲಿಗೆ ಹೋದ. ಈ ಚೌಕಕ್ಕೆ ಗುರುತು ಹಾಕಲಾಗಿರುವುದಿಲ್ಲ. ಅದರ ಕೆಳಗಿನದು. ಮತ್ತೆ ಅದೇ. ಇವನು ನಿಲ್ಲಿಸಲೇ ಇಲ್ಲ. ಬೀಗರು ಎದ್ದು ಹೊರಗೆ ಎಲೆಅಡಿಕೆ ಹಾಕಿಕೊಳ್ಳಲು ಹೋದರು. ಮೇಷ್ಟ್ರ ಮುಖ ಒಂದೊಂದು ಸಾಲಿಗೂ ಒಂದೊಂದು ಚೂರು ಇಳಿಯುತ್ತಿತ್ತು.

"ಸಾಕು ನಿಲ್ಸೋ" ಅಂದರು. "ಒಂದೊಂದಕ್ಕೂ ಹಿಂಗೇ ಹೇಳ್ತದಾ?"

"ಹೂಂ ಸಾರ್."

"ದಿನಾ?"

"ದಿನಾ ಸಾರ್."

"ಆ ತರೀಕೆರೆ ಹುಡುಗಿದು ಹೆಂಗಿದೆ? ಕೇಳ್ಸು."

ಕೇಳಿಸಿದ. ಅಂಕಿ ಓದು, ಟಿಕ್ ಇಲ್ಲ. ಚಿಹ್ನೆ ಓದು, ಟಿಕ್ ಇದೆ. ದಿನಾಂಕ ಓದು, ಟಿಕ್ ಇಲ್ಲ.

ಮೇಷ್ಟ್ರಿಗೆ ರೇಗಿತು. "ಟಿಕ್ ಅನ್ನೋದು ಎಲ್ಲಿಯ ಕನ್ನಡನೋ? ಇಷ್ಟು ಓದ್ಸಿದ್ದು ಇದಕ್ಕಾ ನಿನ್ನ?"

"ಸಾರ್, ಅಕ್ಕನ ನೋಟ್ಸಿಗೆ ನೀವು ಹಾಕ್ತಿದ್ದಿದ್ದು ಏನು ಸಾರ್?"

ಮೇಷ್ಟ್ರು ಎದ್ದು ಹಿತ್ತಲಿಗೆ ಹೋದರು.

ಮಲ್ಲಿಕಾಂಬ ಅಮ್ಮ ಬಾಗಿಲಲ್ಲೇ ನಿಂತಿದ್ದವರು ನನ್ನ ಪಕ್ಕ ಬಂದು ಕೂತರು. "ಆ ಚಳೀಲಿ ಕಂಬಳಿ ಹೊದ್ಕೊಂಡು ಕೂತಿದ್ರಮ್ಮ. ಬೆರಳು ಸೆಟೆದು ಹೋಗೋದು. ನಾನು ಬಿಸಿನೀರಲ್ಲಿ ಅದ್ದಿಸೋಳು" ಅಂದರು. ಬೈಯುವುದಕ್ಕಲ್ಲ, ಸುಮ್ಮನೆ ಹೇಳಿದರು. ಅದಕ್ಕೇ ಇನ್ನೂ ಕಷ್ಟವಾಯಿತು. ಬಸವೇಶನ ಹುಡುಗಾಟವೂ ಅಡಗಿತು. ಲ್ಯಾಪ್‌ಟಾಪು ಮುಚ್ಚಿ, ತಲೆ ತಗ್ಗಿಸಿ ಕೂತ.

ಊಟಕ್ಕೆ ಎಲೆ ಹಾಕಿದರು. ನಾವು, ಬೀಗರು, ಮಕ್ಕಳು, ಎಲ್ಲರೂ ಒಂದೇ ಪಂಕ್ತಿ. ನೋಡುತ್ತೇನೆ — ಹಿತ್ತಲಿಂದ ಮೇಷ್ಟ್ರು ಬಂದರು. ಕೈಕಾಲು ತೊಳೆದುಕೊಂಡು, ಪಂಚೆ ಎತ್ತಿ ಕಟ್ಟಿ, ಸಾರಿನ ಪಾತ್ರೆ ಎತ್ತಿಕೊಂಡರು. ಈ ವಯಸ್ಸಲ್ಲೂ. ಒಬ್ಬೊಬ್ಬರಿಗೂ ಬಡಿಸುತ್ತ ನನ್ನ ಎಲೆ ಹತ್ತಿರ ಬಂದಾಗ ತಡೆಯಲಾಗಲಿಲ್ಲ.

"ಸಾರ್, ತಪ್ಪು ಸಂಹಿತಾದೂ ಅಲ್ಲ, ಬಸವೇಶಂದೂ ಅಲ್ಲ. ನಂದು. ನಿಮ್ಮ ಫೈಲು ಮೊದ್ಲು ಇಟ್ಬಿಟ್ಟೆ."

"ಮೊದ್ಲು ಇಟ್ರೆ ಏನಾಗುತ್ತೆ?"

"ಮೊದ್ಲು ಇದ್ದೋರದೇ ಎಲ್ಲ ಉಳ್ಕೊಳ್ಳುತ್ತೆ ಸಾರ್. ಹಿಂದಿನೋರಿಗೆ ಅವ್ರು ಬಿಟ್ಟಿದ್ದಷ್ಟೇ. ಹಿರಿಯರು ಅಂತ ನಿಮ್ಮನ್ನ ಮುಂದೆ ಕೂರ್ಸಿದೆ."

"ಕೊನೇಲಿ ಇಟ್ರೆ?"

"ಬೇರೆಯೋರು ಎಲ್ಲೆಲ್ಲಿ ಬಿಟ್ಟಿದಾರೋ ಅಲ್ಲಿ ಮಾತ್ರ ನಿಮ್ಮದು ಬರುತ್ತೆ."

ಮೇಷ್ಟ್ರು ಸೌಟು ಹಿಡಿದು ನಿಂತೇ ಇದ್ದರು. ಸಾರು ತೊಟ್ಟಿಕ್ಕುತ್ತಿತ್ತು. ಆಮೇಲೆ ನಗು ಶುರುವಾಯಿತು. ಸಣ್ಣಗೆ.

"ಅಲ್ಲ ಕಣೇ ತನುಜಾ. ಈ ಮನೇಲಿ ಇಷ್ಟು ವರ್ಷ ಉಂಡಿದೀಯ. ನಾನು ಮೊದಲ ಪಂಕ್ತಿಗೆ ಕೂತಿದ್ದನ್ನ ಯಾವತ್ತಾದ್ರೂ ನೋಡಿದೀಯಾ?"

ನೋಡಿಲ್ಲ.

"ಮನೆ ಯಜಮಾನ ಉಣ್ಣೋದು ಬಂದೋರೆಲ್ಲ ಉಂಡೆದ್ದ ಮೇಲೆ. ಉಳಿದಿದ್ದು ಅವನಿಗೆ. ನಮ್ಮಪ್ಪನೂ ಹಂಗೇ, ನಾನೂ ಹಂಗೇ. ನೀನು ನೋಡಿದ್ರೆ ನನ್ನನ್ನ ಮೊದ್ಲು ಕೂರ್ಸಿ, ಮಕ್ಕಳನ್ನ ಉಪವಾಸ ಎಬ್ಬಿಸಿದೀಯಲ್ಲೇ!"

ಬಸವೇಶ ಬಾಯಲ್ಲಿದ್ದ ಅನ್ನ ನುಂಗಲೂ ಆಗದೆ ನಗುತ್ತಿದ್ದ. ನನಗೆ ಅಳು. ಇಷ್ಟು ದೊಡ್ಡವಳಾಗಿ ಎಲೆ ಮುಂದೆ ಅತ್ತೆ. ಮೇಷ್ಟ್ರು ನನಗೆ ಇನ್ನೊಂದು ಸೌಟು ಸಾರು ಹಾಕಿ ಮುಂದಿನ ಎಲೆಗೆ ಹೋದರು.

ಹೊರಡುವಾಗ ಬಾಗಿಲವರೆಗೂ ಬಂದು, "ಟಿಕ್ ಒಪ್ಪಿಲ್ಲ ನಾನು" ಅಂದರು. "ಆದ್ರೆ ಇರ್ಲಿ."

ಬೀರೂರು ಬಂತು. ಮುಂದಿನದು ಕಡೂರು, ಇನ್ನೇನು ಇಳಿಯಬೇಕು.

ಫೆಬ್ರವರಿ 17, ಸೋಮವಾರ

ಅಂಗಡಿ ತೆಗೆದವಳೇ ಬೆಕ್ಕಿನ ಮುಂದೆ ಕೂತೆ. ಸಾಲು — ತರೀಕೆರೆ, ಕಡೂರು, ಅಜ್ಜಂಪುರ. ಎಂಟರ್.

ತೆರೆದು ನೋಡಿದರೆ... ಮೇಷ್ಟ್ರದು ನಾನಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಉಳಿದಿದೆ. ಕಷ್ಟದ ಮಾತುಗಳನ್ನೆಲ್ಲ ನಾನೂ ಸಂಹಿತಾಳೂ ಆಮೇಲೆ ನೋಡೋಣ ಅಂತ ಖಾಲಿ ಬಿಟ್ಟಿದ್ದೆವು, ಕಳ್ಳಿಯರು. ಸಹಾಯದ ಪುಟ ಪೂರ್ತಿ ಅವರದು. ಏನಾದರೂ ಕೆಟ್ಟಾಗ ಬರುವ ಸೂಚನೆಗಳೆಲ್ಲ ಅವರವು. ಅವು ಆಗೊಮ್ಮೆ ಈಗೊಮ್ಮೆ ಬರುವಂಥವು, ಉದ್ದ ಇದ್ದರೆ ತೊಂದರೆಯಿಲ್ಲ. ಓದುತ್ತ ಹೋದರೆ ಮೇಷ್ಟ್ರು ಎದುರು ಕೂತು ಸಮಾಧಾನವಾಗಿ ಹೇಳಿಕೊಟ್ಟ ಹಾಗಿದೆ.

ಪ್ರೋಗ್ರಾಮು ಮುಚ್ಚುವಾಗ ಒಂದು ಪ್ರಶ್ನೆ ಬರುತ್ತದೆ. ನಿಜವಾಗಿ ಮುಚ್ಚಬೇಕೇ ಅಂತ. ಸಂಹಿತಾ ಅದನ್ನು ಏನೇನೋ ಮಾಡಿ ನೋಡಿ, ಯಾವುದೂ ಸರಿಬರದೆ ಬಿಟ್ಟಿದ್ದಳಂತೆ. ಮೇಷ್ಟ್ರು ಬರೆದಿರುವುದು ಎರಡೇ ಪದ.

ಇನ್ನು ಮೌನವಾಗಲೇ?

ಬಸವೇಶನಿಗೆ ಫೋನಿನಲ್ಲಿ ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದ. "ಇದನ್ನ ಯಾರೂ ಮುಟ್ಬೇಡಿ" ಅಂದ.

ಫೈಲಿನ ತಲೆಯಲ್ಲಿ ಈಗ ಸಂಹಿತಾಳ ಹೆಸರು ಬಂದಿತ್ತು. ಅದನ್ನು ಮಾತ್ರ ಕೈಯಲ್ಲಿ ತಿದ್ದಿದೆ. ಜಯದೇವಪ್ಪ, ಅಜ್ಜಂಪುರ. ಅದರ ಕೆಳಗೆ ಸಂಹಿತಾ, ತರೀಕೆರೆ. ಅದರ ಕೆಳಗೆ ತನುಜಾ, ಕಡೂರು. ಅದು ಪತ್ರಿಕೆ ಇದ್ದ ಹಾಗೆ, ಅಲ್ಲಿ ನನ್ನ ಕಾನೂನೇ ನಡೆಯಬೇಕು. ಸಂಹಿತಾಳನ್ನು ಕೇಳಿಯೇ ಮಾಡಿದ್ದು. "ಅಯ್ಯೋ, ಮೇಷ್ಟ್ರ ಕೆಳಗೆ ನನ್ನ ಹೆಸರು ಅಂದ್ರೆ ಅಪ್ಪ ಫ್ರೇಮ್ ಹಾಕಿಸ್ತಾರೆ ತನುಜಕ್ಕ" ಅಂದಳು. ಅವಳ ದನಿ ಸರಿಹೋಗಿದೆ.

ಫೆಬ್ರವರಿ 19, ಬುಧವಾರ

ಚೆಕ್ ಮಾಡುವ ಕಮಾಂಡು ತಕರಾರು ತೆಗೆಯಿತು. ನಾಳೆ ಕೊನೇ ದಿನ ಅಂತ ಅದಕ್ಕೂ ಗೊತ್ತಿರಬೇಕು. ಒಂದು ಸಾಲಿನಲ್ಲಿ ಫೈಲಿನ ಹೆಸರು ಬಂದು ಕೂರುವ ಜಾಗದ ಗುರುತೇ ಇಲ್ಲ. ಯಾರದು ಅಂತ ನೋಡಿದೆ. ನನ್ನದೇ! ಮೊನ್ನೆ ತಿದ್ದಲು ಹೋಗಿ ಅಳಿಸಿದ್ದೆ. ಸರಿ ಮಾಡುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕುಯ್ ಕುಯ್ ಅನ್ನುತ್ತಿತ್ತು, ಎದುರಿಗೆ ಲ್ಯಾಮಿನೇಷನ್ನಿಗೆ ಕಾಯುತ್ತಿದ್ದ ಸಖರಾಯಪಟ್ಟಣದ ಗಿರಾಕಿ ಬಸ್ ಹೋಗ್ತದೆ ಅನ್ನುತ್ತಿದ್ದರು. ಫೋನಿನ ಇಂಟರ್ನೆಟ್ಟಿನಲ್ಲಿ ಕಳಿಸಿದೆ.

ಹೋಯಿತು. ಈ ಸಲ ಹೋಳಿಗೆ ಇಲ್ಲ. ಕೇಳಿಸಿದ ಮೇಲೆಯೇ ಹೋಳಿಗೆ.

ಫೆಬ್ರವರಿ 21, ಶುಕ್ರವಾರ

ಒಪ್ಪಿಕೊಂಡಿದ್ದಾರೆ! ಮೇಲ್ ಬಂತು. ಭಾಷೆಗಳ ಪಟ್ಟಿಯಲ್ಲಿ ಕನ್ನಡ. ಅದೂ ಪೂರ್ತಿ ತುಂಬಿದ ಭಾಷೆಗಳ ಸಾಲಿನಲ್ಲಿ. ದೊಡ್ಡ ದೊಡ್ಡ ದೇಶಗಳವು ಅಲ್ಲಲ್ಲಿ ಖಾಲಿ ಇವೆ, ನಮ್ಮದು ಇಲ್ಲ. ಕಡೂರು, ತರೀಕೆರೆ, ಅಜ್ಜಂಪುರ — ಮೂರು ಊರು ಸೇರಿ ಮಾಡಿದ್ದು. ಪ್ರಿಂಟ್ ತೆಗೆದು ಅಂಗಡಿಯ ಗಾಜಿಗೆ ಅಂಟಿಸಿದೆ. ಯಾರಿಗೂ ಏನಂತ ಗೊತ್ತಾಗುತ್ತಿಲ್ಲ. ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಕೇಳದವರಿಗೂ.

ಮಾರ್ಚ್ 9, ಭಾನುವಾರ, ಸಂಜೆ 4.30

ಅಂಗಡಿಯ ಮುಂದಿನ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಹಿಂದಿನ ರೂಮಿನಲ್ಲಿ ತರಬೇತಿ ಇನ್ನೂ ಮುಗಿದಿಲ್ಲ. ಈಗಲೇ ಬರೆಯದಿದ್ದರೆ ಮರೆತುಹೋಗುತ್ತದೆ ಅಂತಲ್ಲ. ಒಳಗೆ ಕೂತರೆ ಅಳುತ್ತೇನೆ, ಬಸವೇಶ ಕೇಳಿಸಿಕೊಂಡು ಆಡಿಕೊಳ್ಳುತ್ತಾನೆ.

ಮೇಷ್ಟ್ರು ಬೆಳಗ್ಗೆಯೇ ಟ್ರೈನಿಗೆ ಬಂದರು. ಇಸ್ತ್ರಿ ಮಾಡಿದ ಜುಬ್ಬ. ಮುಂದೆ ಕುರ್ಚಿ ಹಾಕಿದ್ದೆ. ನೋಡಿದ್ದೇ ತಡ, ಎತ್ತಿಕೊಂಡು ಹೋಗಿ ಗೋಡೆ ಪಕ್ಕ, ಎಲ್ಲರಿಗಿಂತ ಹಿಂದೆ ಹಾಕಿಕೊಂಡರು. "ನನ್ನ ಜಾಗ ಎಲ್ಲಿ ಅಂತ ಇನ್ನೂ ಕಲೀಲಿಲ್ವೇನೇ?" ಅಂದರು. ಸಂಹಿತಾ ಕಾಲಿಗೆ ನಮಸ್ಕಾರ ಮಾಡಿದಳು. "ಟಿಕ್ಕಮ್ಮ ನೀನೇನಾ?" ಅಂದರು. ಬೆಳಗ್ಗೆಯಿಂದ ಅವಳಿಗೆ ಅದೇ ಹೆಸರು.

ಸೀತಾದೇವಿಯವರು ಮಗಳ ತೋಳು ಹಿಡಿದು ಬಂದರು. ಕೂತ ಕೂಡಲೇ, ಅರ್ಧಕ್ಕೆ ಎದ್ದರೆ ಬೇಜಾರು ಮಾಡ್ಕೋಬೇಡಿ, ಐದು ಗಂಟೆ ಬಸ್ಸಿದೆ ಅಂತ ಮೊದಲೇ ಹೇಳಿಟ್ಟರು. ಬಸವೇಶ ಅವರ ಬೆರಳನ್ನು ಕೀಲಿಯ ಮೇಲೆ ಇಟ್ಟ. ಕೆಳಗೆ ಇಳಿಯುವ ಬಾಣ. ಒತ್ತಿದರು.

ಅಂಕಿ ಓದು, ಟಿಕ್ ಇಲ್ಲ.

ಕೈ ಹಿಂದಕ್ಕೆ ತೆಗೆದರು. ತಲೆ ಓರೆ ಮಾಡಿ ಕೇಳಿಸಿಕೊಂಡರು. ಮತ್ತೆ ಒತ್ತಿದರು.

ಚಿಹ್ನೆ ಓದು, ಟಿಕ್ ಇದೆ.

"ಅಯ್ಯಯ್ಯೋ, ಇದು ನಮ್ಮನೇಲಿ ಮಾತಾಡ್ದಂಗೆ ಮಾತಾಡ್ತದಲ್ರೀ!" ಅಂದರು. ರೂಮಿನಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಅವರ ಕೈ ನಿಲ್ಲಲಿಲ್ಲ. ಡೇರಿಯಲ್ಲಿ ಟೈಪ್ ಮಾಡಿದ ಬೆರಳುಗಳು, ಎಲ್ಲ ನೆನಪಿತ್ತು. ತಮ್ಮ ಹೆಸರು ಹೊಡೆದರು. ಮಗಳ ಹೆಸರು ಹೊಡೆದರು. ಊರಿನ ಹೆಸರು ಹೊಡೆದು ಓದಿಸಿದರು, ತಪ್ಪಿದ್ದನ್ನು ತಾವೇ ಹಿಡಿದು ತಿದ್ದಿದರು. ಒಮ್ಮೆ ಏನೋ ತಪ್ಪು ಒತ್ತಿದಾಗ ಮೇಷ್ಟ್ರ ಉದ್ದನೆಯ ಸೂಚನೆ ಬಂತು, ಪೂರ್ತಿ ಕೇಳಿಸಿಕೊಂಡು, "ಇದ್ಯಾರೋ ದೊಡ್ಡೋರು ಹೇಳ್ದಂಗಿದೆ" ಅಂದರು. ಗೋಡೆ ಪಕ್ಕದಿಂದ ಕೆಮ್ಮು ಕೇಳಿಸಿತು.

ಹೊತ್ತಾಯಿತು ಅಂತ ಮಗಳು ಎಬ್ಬಿಸಿದಳು. ಮುಚ್ಚುವುದು ಹೇಗೆ ಅಂತ ಬಸವೇಶ ಹೇಳಿಕೊಟ್ಟ. ಒತ್ತಿದರು. ಅದು ಕೇಳಿತು —

ಇನ್ನು ಮೌನವಾಗಲೇ?

ಸೀತಾದೇವಿಯವರು ಮುಖವನ್ನು ಕಂಪ್ಯೂಟರಿನ ಹತ್ತಿರ ತಂದು, ಮನುಷ್ಯರಿಗೆ ಹೇಳುವ ಹಾಗೆಯೇ, "ಬ್ಯಾಡಪ್ಪ. ಇನ್ನೊಂಚೂರು ಹೊತ್ತು" ಅಂದರು. ಬಸವೇಶನ ಬೆರಳು ಹುಡುಕಿಕೊಂಡು 'ಇಲ್ಲ' ಎಲ್ಲಿದೆ ಅಂತ ಕೇಳಿ ಒತ್ತಿದರು. ನಾನು ಎದ್ದು ಇಲ್ಲಿಗೆ ಬಂದೆ.

ಐದು ಗಂಟೆ ಬಸ್ಸು ಈಗ ಬಸ್‌ಸ್ಟ್ಯಾಂಡಿನಲ್ಲಿ ಹಾರನ್ ಹೊಡೆಯುತ್ತಿದೆ. ಒಳಗಿಂದ ಯಾರೂ ಹೊರಗೆ ಬರುತ್ತಿಲ್ಲ. ಅದು ಮತ್ತೆ ಕೇಳಿತು, ಇನ್ನು ಮೌನವಾಗಲೇ ಅಂತ. ಈ ಸಲ ಸೀತಾದೇವಿಯವರಿಗಿಂತ ಮೊದಲೇ, ಎಲ್ಲರಿಗಿಂತ ಹಿಂದಿನ ಕುರ್ಚಿಯಿಂದ, ಮೇಷ್ಟ್ರು ಗಟ್ಟಿಯಾಗಿ, "ಬೇಡ!" ಅಂದರು.